ಡೇಟಾಬೇಸಿಗೆ ನೇರ ಕೈ ಹಾಕಬೇಡಿ ಸ್ವಾಮೀ!

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಒಣಜಂಭ ಇದೆ. ವರ್ಡ್‌ಪ್ರೆಸ್ ಅಂದ್ರೆ ಮೂಗು ಮುರಿಯೋದು. "ಸಣ್ಣ ಸ್ಕ್ರಿಪ್ಟ್‌ಗೆ ಅಷ್ಟು ದೊಡ್ಡ ವರ್ಡ್‌ಪ್ರೆಸ್ಸನ್ನ ಯಾಕೆ ಲೋಡ್ ಮಾಡ್ಬೇಕು? ನೇರವಾಗಿ ಎಸ್‌ಕ್ಯೂಎಲ್ ಬರೆದ್ರೆ ಎರಡೇ ಸಾಲು" ಅನ್ನೋ ಮಾತನ್ನ ಕೆಲಸಕ್ಕೆ ಸೇರಿದಾಗಿನಿಂದ ಕೇಳ್ತಾ ಇದೀನಿ. ಹಳೇ ಬರಹಗಳನ್ನ ಸ್ವಂತ ತಾಣಕ್ಕೆ ಸಾಗಿಸೋ ಬ್ಲಾಗಿಗರಿಗೂ ಇದೇ ಸಲಹೆ ಸಿಗುತ್ತೆ. ನನ್ನ ಪ್ರಕಾರ ಇದು ಕೆಟ್ಟ ಸಲಹೆ. ಕನ್ನಡದಲ್ಲಿ ಬರೆಯೋರಿಗಂತೂ ಇನ್ನೂ ಕೆಟ್ಟದ್ದು.

ವರ್ಡ್‌ಪ್ರೆಸ್‌ನಲ್ಲಿ ಒಂದು ಬರಹ ಅಂದ್ರೆ ಟೇಬಲ್ಲಿನ ಒಂದು ಸಾಲು ಮಾತ್ರ ಅಲ್ಲ. ಡಬ್ಲ್ಯೂಪಿ_ಇನ್ಸರ್ಟ್_ಪೋಸ್ಟ್ ಅನ್ನೋ ಫಂಕ್ಷನ್ ಕರೆದು ನೋಡಿ. ಅದು ಕೊಂಡಿಯ ಹೆಸರು ಕಟ್ಟುತ್ತೆ, ಅದೇ ಹೆಸರು ಮೊದಲೇ ಇದ್ಯಾ ಅಂತ ನೋಡುತ್ತೆ, ಜಿಎಂಟಿ ಸಮಯ ತುಂಬುತ್ತೆ, ವರ್ಗದ ಎಣಿಕೆ ಸರಿಪಡಿಸುತ್ತೆ, ಹಳೇ ಕ್ಯಾಶ್ ಅಳಿಸುತ್ತೆ, ಪ್ಲಗಿನ್‌ಗಳಿಗೆ ಸುದ್ದಿ ಮುಟ್ಟಿಸುತ್ತೆ. ನಿಮ್ಮ ಎರಡು ಸಾಲು ಇದನ್ನೆಲ್ಲ ಮಾಡುತ್ತಾ?

ಈಗ ಕನ್ನಡದ ವಿಷಯಕ್ಕೆ ಬನ್ನಿ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್. ಕೊಂಡಿಯೊಳಗೆ ಹೋದಾಗ ಶೇಕಡಾ ಚಿಹ್ನೆಯೆಲ್ಲ ಸೇರಿ ಅದು 9 ಚಿಹ್ನೆ ಆಗುತ್ತೆ. ಆ ಕಾಲಮ್ಮಿನ ಮಿತಿ 200. ಅಂದ್ರೆ 22 ಸಂಕೇತಕ್ಕೇ ಜಾಗ ಖಾಲಿ, ಅದರಲ್ಲಿ ಒತ್ತು ಗುಣಿತಗಳ ಲೆಕ್ಕವೂ ಬೇರೆ! ವರ್ಡ್‌ಪ್ರೆಸ್ ಸಂಕೇತ ತುಂಡಾಗದ ಹಾಗೆ ನಿಲ್ಲಿಸುತ್ತೆ. ನಿಮ್ಮ ಸ್ಕ್ರಿಪ್ಟ್ ಕಣ್ಣು ಮುಚ್ಚಿ 200ಕ್ಕೆ ಕತ್ತರಿ ಹಾಕಿದ್ರೆ ಕೊಂಡಿ ಕೆಟ್ಟಂತೆ.

ವಿಜೆಟ್, ಥೀಮ್ ಸೆಟ್ಟಿಂಗ್‌ಗಳದ್ದು ಇನ್ನೊಂದು ಕಥೆ. ಅವು ಸೀರಿಯಲೈಸ್ ಆಗಿ ಕೂತಿರುತ್ತವೆ, ಪ್ರತಿ ಪದದ ಮುಂದೆ ಅದರ ಬೈಟ್ ಲೆಕ್ಕ ಬರೆದಿರುತ್ತೆ. 'ಕನ್ನಡ' ಅಂದ್ರೆ 15 ಬೈಟ್. ಎಸ್‌ಕ್ಯೂಎಲ್‌ನಲ್ಲಿ ಅದನ್ನ 'ಕರ್ನಾಟಕ' ಅಂತ ಬದಲಿಸಿದ್ರೆ ಪದ 21 ಬೈಟ್ ಆಯ್ತು, ಲೆಕ್ಕ ಮಾತ್ರ 15ರಲ್ಲೇ ಉಳೀತು. ಪಿಎಚ್‌ಪಿ ಅದನ್ನ ಓದೋಕೇ ಒಪ್ಪಲ್ಲ, ಇಡೀ ಸೆಟ್ಟಿಂಗ್ ಮಾಯ. ಅಪ್‌ಡೇಟ್_ಆಪ್ಷನ್ ಬಳಸಿದ್ರೆ ಈ ತಲೆನೋವೇ ಇಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇದು. ಪರಿಚಿತರೊಬ್ಬರು ಯಾರಿಗೋ ದುಡ್ಡು ಕೊಟ್ಟು ತಾಣ ಬದಲಿಸಿದ್ರು. ಆ ಪುಣ್ಯಾತ್ಮನ ಸ್ಕ್ರಿಪ್ಟ್ ಹಳೇ ಡೇಟಾಬೇಸಿಗೆ ಲ್ಯಾಟಿನ್-1 ಅಂತ ಹೇಳಿ ಸಂಪರ್ಕ ಮಾಡಿತ್ತು. ಲ್ಯಾಟಿನ್-1ರಲ್ಲಿ ಕನ್ನಡ ಎಲ್ಲಿಂದ ಬರಬೇಕು? ಮೈಎಸ್‌ಕ್ಯೂಎಲ್ ಒಂದೊಂದು ಸಂಕೇತಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಕೊಟ್ಟಿತು. ಅದನ್ನೇ ಹೊಸ ತಾಣಕ್ಕೆ ತುಂಬಿದ. ವಿಷಯ ಗೊತ್ತಾಗೋ ಹೊತ್ತಿಗೆ ಹಳೇ ಹೋಸ್ಟಿಂಗ್ ಮುಗಿದಿತ್ತು, ಬ್ಯಾಕಪ್ ಇರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯಾದ ಅಕ್ಷರ ಯಾವ ಮಂತ್ರ ಹಾಕಿದ್ರೂ ವಾಪಸ್ ಬರಲ್ಲ ಮಾರಾಯ್ರೇ. ವರ್ಡ್‌ಪ್ರೆಸ್ ಮೂಲಕ ಹೋಗಿದ್ರೆ ಕಾನ್ಫಿಗ್‌ನಲ್ಲಿರೋ ಕ್ಯಾರೆಕ್ಟರ್ ಸೆಟ್ ತಾನೇ ಬರ್ತಿತ್ತು.

ಮಾಡಬೇಕಾದ್ದು ಇಷ್ಟೇ: ಸ್ಕ್ರಿಪ್ಟಿನ ತಲೆಯಲ್ಲಿ ಡಬ್ಲ್ಯೂಪಿ-ಲೋಡ್.ಪಿಎಚ್‌ಪಿ ಫೈಲನ್ನ ರಿಕ್ವೈರ್ ಮಾಡಿ. 2008ರ 2.6 ಆವೃತ್ತಿಯಿಂದ ಅದು ಇದೆ. ಡಬ್ಲ್ಯೂಪಿ-ಬ್ಲಾಗ್-ಹೆಡರ್ ಬೇಡ, ಅದು ವಿಳಾಸಕ್ಕೆ ತಕ್ಕ ಪುಟ ಹುಡುಕೋಕೆ ಹೋಗಿ ಸುಮ್ಮನೆ 404 ಕಳಿಸಿಬಿಡಬಹುದು. ಇಂಥ ಸ್ಕ್ರಿಪ್ಟನ್ನ ಎಲ್ಲರಿಗೂ ಸಿಗೋ ಫೋಲ್ಡರಲ್ಲಿ ಬಿಡಲೂಬೇಡಿ, ದಾರಿಹೋಕರೂ ಓಡಿಸ್ತಾರೆ. ಡಬ್ಲ್ಯೂಪಿ-ಸಿಎಲ್‌ಐ ಇದ್ರೆ ಇನ್ನೂ ಸಲೀಸು, ಅದರ ಇವ್ಯಾಲ್-ಫೈಲ್ ಕಮ್ಯಾಂಡ್ ಎಲ್ಲ ಲೋಡ್ ಮಾಡಿಕೊಂಡೇ ನಿಮ್ಮ ಸ್ಕ್ರಿಪ್ಟ್ ಓಡಿಸುತ್ತೆ.

"ಆದ್ರೂ ನಿಧಾನ ಅಲ್ವಾ?" ಅಂತೀರಿ. ನಿಧಾನವೇ, ಒಪ್ಪಿದೆ. ಲಕ್ಷಗಟ್ಟಲೆ ಸಾಲು ಓದಿ ಬರೀ ವರದಿ ತೆಗೆಯೋದಾದ್ರೆ ಎಸ್‌ಕ್ಯೂಎಲ್ ಬರೀರಿ, ಅದೂ ವರ್ಡ್‌ಪ್ರೆಸ್‌ನದೇ ಡಬ್ಲ್ಯೂಪಿಡಿಬಿ ಮೂಲಕ. ಬರೆಯೋ, ತಿದ್ದೋ, ಅಳಿಸೋ ಕೆಲಸಕ್ಕೆ ಮಾತ್ರ ಬೇಡ. ಜೀವನದಲ್ಲಿ ಒಂದೇ ಸಲ ಓಡೋ ಸ್ಕ್ರಿಪ್ಟಲ್ಲಿ ನಾಕು ನಿಮಿಷ ಉಳಿಸಿ ಯಾವ ಕೋಟೆ ಗೆಲ್ಲಬೇಕಾಗಿದೆ? ಹತ್ತು ವರ್ಷ ಕೂತು ಬರೆದದ್ದು ಅಲ್ಲಿರುತ್ತೆ.

ಏನಂತೀರಿ?