ಟೆಂಪೋದಲ್ಲಿ ಸಂಸಾರ

ವೈಶಾಖ ಮಾಸ ಬಂತೆಂದರೆ ನಮ್ಮ ಮಂದಿಗೆ ವರ್ಗದ ಹುಕುಮುಗಳು ಬರುವ ಕಾಲ. ಪೈಠಣದಿಂದ ನಾಶಿಕಕ್ಕೋ ಸೊಲ್ಲಾಪುರಕ್ಕೋ ಹೋಗುವವರು, ನಿವೃತ್ತರಾಗಿ ವಿಜಯಪುರದ ಕಡೆಗೆ ಊರು ಸೇರುವವರು, ಎಲ್ಲರೂ ಟೆಂಪೋ ಗೊತ್ತುಮಾಡುವುದು ಆಗಲೇ. ಉಪ್ಪಿನಕಾಯಿಯ ಭರಣಿ ಒಡೆಯದಂತೆ ಹಳೆಯ ಸೀರೆ ಸುತ್ತಿಡುವ ಗೃಹಿಣಿಯರು ನಮ್ಮಲ್ಲಿ ಮನೆಮನೆಗೂ ಉಂಟು. ಟೆಂಪೋಕ್ಕೆ ಬಿಗಿದ ಹಗ್ಗವನ್ನು ಒಮ್ಮೆ ಎಳೆದು ನೋಡುವ ಯಜಮಾನರು ಮಾತ್ರ ವಿರಳ. ಕೇಳಿದರೆ ಹಮಾಲನು ‘ಕಾಹೀ ಹೋತ ನಾಹೀ, ಸಾಹೇಬ’ ಎನ್ನುತ್ತಾನೆ. ಸಾಹೇಬರು ಸುಮ್ಮನಾಗುತ್ತಾರೆ.

ಪೈಠಣಕ್ಕೆ ಹೊರೆ ಸಾಗಿಸುವ ವಿದ್ಯೆ ಹೊಸತಲ್ಲ. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥದಲ್ಲಿ ನಮ್ಮ ಈ ಊರಿನ ಹೆಸರಿದೆ. ಭರೂಚ ಬಂದರದಿಂದ ದಕ್ಷಿಣಕ್ಕೆ 20 ದಿನಗಳ ದಾರಿಯಂತೆ. ಇಲ್ಲಿಂದ ಬೆಲೆಯುಳ್ಳ ಕಲ್ಲು, ತೇರ ಪಟ್ಟಣದಿಂದ ಅರಿವೆ, ಸರಿಯಾದ ದಾರಿಯೇ ಇಲ್ಲದ ನಾಡಿನಲ್ಲಿ ಬಂಡಿಗಳ ಮೇಲೆ ಆ ಬಂದರಕ್ಕೆ ಹೋಗುತ್ತಿದ್ದುವು. ಅಷ್ಟು ದಿನ ಬಂಡಿಯ ಮೇಲೆ ಕಲ್ಲು ಒಯ್ದವರು ಕಟ್ಟುವುದನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಆದರೆ ಎತ್ತಿನ ಬಂಡಿಗೆ ಗಕ್ಕನೆ ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ, ಟೆಂಪೋಕ್ಕೆ ಬರುತ್ತದೆ.

ಬ್ರೇಕು ಬಿದ್ದಾಗ ಗಾಡಿ ನಿಲ್ಲುತ್ತದೆ, ಸಾಮಾನು ಮುಂದೆ ಹೋಗುತ್ತಲೇ ಇರುತ್ತದೆ. ಸಾಮಾನಿನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲವನ್ನು ಮುಂದಕ್ಕೂ, ಐದು ಪಾಲಿನಷ್ಟನ್ನು ಹಿಂದಕ್ಕೂ ಪಕ್ಕಕ್ಕೂ ತಡೆಯುವಂತೆ ಕಟ್ಟಬೇಕೆಂದು ಯುರೋಪಿನವರ ಲೆಕ್ಕ. ಎಂದರೆ 100 ಕಿಲೋ ತೂಕದ ಉಕ್ಕಿನ ಕಪಾಟು 80 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ನುಗ್ಗುವುದು. ಅದನ್ನು ‘ಹಿಡಿದುಕೊಳ್ಳಲು’ ನಾವು ಯಾರನ್ನು ನಿಲ್ಲಿಸುತ್ತೇವೆ? ಮನೆಯ ಹುಡುಗನನ್ನು! ಅವನಿಗೇನೋ ಹಬ್ಬವೇ. ಹೆತ್ತವರಿಗೆ ಅದು ಹೇಗೆ ಒಪ್ಪಿಗೆಯಾಗುತ್ತದೋ ನನಗೆ ತಿಳಿಯದು. ಹುಡುಗನು ತಾಯಿಯ ಸಂಗಡ ಬಸ್ಸಿನಲ್ಲಿ ಬರಲಿ.

ಕಪಾಟು, ಹಿಟ್ಟಿನ ಗಿರಣಿ, ಪುಸ್ತಕದ ಪೆಟ್ಟಿಗೆ ಇವೆಲ್ಲ ಕೆಳಗೆ, ಡ್ರೈವರನ ಬೆನ್ನ ಹಿಂದಿನ ಹಲಗೆಗೆ ತಾಗಿ, ನಡುವೆ ಸಂದಿಲ್ಲದಂತೆ ಇರಬೇಕು. ಸಂದು ಉಳಿದರೆ ಹಾಸಿಗೆ ತುರುಕಿರಿ. ಭಾರ ಮೇಲಾದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ತಳದಲ್ಲಿ ಹಿಂದಿನ ಖೇಪಿನ ಮರಳಿದ್ದರೆ ಗುಡಿಸಿಬಿಡಿ, ಮರಳಿನ ಮೇಲೆ ಕಬ್ಬಿಣ ಜಾರುತ್ತದೆ. ಒಂದು ರಬ್ಬರಿನ ಹಾಸು ಹಾಕಿದರೆ ಇನ್ನೂ ಮೇಲು. ಮೇಲಿನಿಂದ ಹಾಯಿಸಿದ ಹಗ್ಗವು ಸಾಮಾನನ್ನು ಕೆಳಕ್ಕೆ ಒತ್ತುತ್ತದೆ, ಆ ಒತ್ತಡದಿಂದಲೇ ಅದು ಜಾರದೆ ನಿಲ್ಲುವುದು. ಹಗ್ಗ ನೆಟ್ಟಗೆ ಕೆಳಗಿಳಿದಷ್ಟೂ ಒತ್ತಡ ಹೆಚ್ಚು. ಅಡ್ಡಡ್ಡವಾಗಿ ಹೋದರೆ ನೋಡಲಿಕ್ಕೆ ಬಿಗಿ, ಕೆಲಸಕ್ಕೆ ಸಡಿಲು. ಕಪಾಟಿನ ಅಂಚು ಹಗ್ಗವನ್ನು ಕೊಯ್ಯುತ್ತದಾದುದರಿಂದ ಅಲ್ಲಿ ಗೋಣಿತಟ್ಟು ಮಡಿಸಿಡಬೇಕು. ತಾಡಪತ್ರಿ ಮಳೆಗೆ, ಗಾಳಿಗೆ. ಅದು ಭಾರವನ್ನು ಹಿಡಿಯುವುದೆಂಬ ಭ್ರಮೆ ಬೇಡ.

ಮಂಚದ ಕಾಲು, ಪರದೆಯ ಸಲಾಕೆ ಹಿಂದಕ್ಕೆ ಚಾಚಿಕೊಂಡಿದ್ದರೆ ಅದಕ್ಕೊಂದು ಕೆಂಪು ಚಿಂದಿ ಕಟ್ಟಿ ನಿಶ್ಚಿಂತರಾಗುವ ರೂಢಿಯಿದೆ. ಕತ್ತಲಲ್ಲಿ ಕೆಂಪು ಚಿಂದಿಯೂ ಕಪ್ಪೇ. ಹಿಂದೆ ಸ್ಕೂಟರಿನಲ್ಲಿ ಬರುವವನ ಕಣ್ಣಿನ ಮಟ್ಟಕ್ಕೆ ಆ ಸಲಾಕೆ ಇರುತ್ತದೆ. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಲ್ಲಿ, ಮಿತಿ ಮೀರಿ ಹೊರಚಾಚಿದ ಹೊರೆಗೆ 20,000 ರೂಪಾಯಿ ದಂಡ, ಇಳಿಸುವ ಕೂಲಿ ಬೇರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳನ್ನು ನೋಡಿದವರಿಗೆ ಈ ಕಾಯಿದೆ ಎಲ್ಲಿದೆಯೆಂದು ಅನಿಸಬಹುದು. ಜೋತುಬಿದ್ದ ಸೋಗೆಯಲ್ಲಿ ಹಿಂದಿನ ದೀಪವೇ ಮುಚ್ಚಿಹೋಗಿರುತ್ತದೆ. ಆ ದಿನಗಳಲ್ಲಿ ನಮ್ಮವರು ರಾತ್ರಿಯ ಪ್ರಯಾಣ ಬಿಡುವುದೇ ಲೇಸು.

ಇನ್ನೊಂದು ಮಾತು. ಗಾಡಿ ಹೊರಟ ಮೇಲೆ ಕುಲುಕಾಟಕ್ಕೆ ಸಾಮಾನು ಕೆಳಗೆ ಕೂರುತ್ತದೆ, ಮನೆಯ ಮುಂದೆ ಬಿಗಿಯಾಗಿದ್ದ ಹಗ್ಗ ಸಡಿಲಾಗುತ್ತದೆ. ನೈಲಾನ್ ಹಗ್ಗವಂತೂ ಹಿಗ್ಗುತ್ತದೆ, ಗಂಟೂ ಜಾರುತ್ತದೆ. ಬೀಡದ ಕಡೆಗೆ ಹೋಗುವವರು ಪಾಚೋಡದಲ್ಲಿ ಚಹದ ನೆವದಿಂದ ಗಾಡಿ ನಿಲ್ಲಿಸಿ, ಡ್ರೈವರನಿಗೂ ಒಂದು ಕಪ್ಪು ಕೊಡಿಸಿ, ಅವನ ಎದುರಿಗೇ ಎಲ್ಲ ಗಂಟುಗಳನ್ನೂ ಮತ್ತೊಮ್ಮೆ ಬಿಗಿಸಿರಿ.