ಸುಡದೆ ಉಳಿದ ಕಿಟಕಿಗಳ ಪ್ರಶ್ನೆ

ಪ್ಯಾರಿಸ್ ಮಹಾನಗರದ ನೋತ್ರ ದಾಮ್ ಪ್ರಧಾನಾಲಯವು 2019ರ ಏಪ್ರಿಲ್ 15ರಂದು ಬೆಂಕಿಗೆ ತುತ್ತಾಗಿ, ಐದು ವರ್ಷಗಳ ದುರಸ್ತಿಯ ತರುವಾಯ 2024ರ ಡಿಸೆಂಬರ್‌ನಲ್ಲಿ ಭಕ್ತರಿಗೆ ಮತ್ತೆ ತೆರೆದ ಸಂಗತಿ ವಾಚಕರಿಗೆ ತಿಳಿದೇ ಇದೆ. ಛಾವಣಿಯೂ ಶಿಖರವೂ ಕುಸಿದವು; ಉತ್ತರದ ಘಂಟಾಗೋಪುರಕ್ಕೂ ಬೆಂಕಿ ಹೊಕ್ಕಿತಾದರೂ ಅಗ್ನಿಶಾಮಕ ದಳದವರ ಸಾಹಸದಿಂದ ಅವಳಿ ಗೋಪುರಗಳು ಉಳಿದವು. ಬಣ್ಣದ ಗಾಜಿನ ಕಿಟಕಿಗಳೂ ಉಳಿದವು. ಈಗ ವಿವಾದವೆದ್ದಿರುವುದು ಹೀಗೆ ಉಳಿದ ಕಿಟಕಿಗಳ ಕುರಿತೇ.

ದಕ್ಷಿಣ ಪಾರ್ಶ್ವದ ಆರು ಕಿರುಪೀಠಗಳಲ್ಲಿರುವ ಕಿಟಕಿಗಳು ಹತ್ತೊಂಬತ್ತನೆಯ ಶತಮಾನದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ರೂಪಿಸಿದವು. ಅವನ್ನು ತೆಗೆದು ಇಂದಿನ ಕಲಾವಿದರ ಕೃತಿಗಳನ್ನು ಇರಿಸುವುದಾಗಿ ಅಧ್ಯಕ್ಷ ಮಾಕ್ರೋನ್ 2023ರ ಡಿಸೆಂಬರ್‌ನಲ್ಲಿ ಘೋಷಿಸಿದರು. ಮಹಾಧರ್ಮಾಧ್ಯಕ್ಷ ಲೊರಾಂ ಉಲ್ರಿಶ್ ಅವರ ಸಮ್ಮತಿಯೂ ಇತ್ತು. ರಾಷ್ಟ್ರೀಯ ಪರಂಪರೆಯ ಆಯೋಗವು 2024ರ ಜುಲೈನಲ್ಲಿ ಒಮ್ಮತದಿಂದ ವಿರೋಧಿಸಿತು. ಲಕ್ಷಕ್ಕೂ ಮಿಕ್ಕಿದ ಜನ ಮನವಿಗೆ ಸಹಿ ಹಾಕಿದರು. ಆದರೂ ಅದೇ ಡಿಸೆಂಬರ್‌ನಲ್ಲಿ ಕಲಾವಿದೆ ಕ್ಲೇರ್ ತಾಬುರೆ ಆಯ್ಕೆಯಾದರು. ವಸ್ತು ಪೆಂತಕೋಸ್ತು, ಅಂದರೆ ಪವಿತ್ರಾತ್ಮರ ಆಗಮನ. 1905ರ ಕಾನೂನಿನನ್ವಯ ಈ ಕಟ್ಟಡ ಸರ್ಕಾರದ ಸ್ವತ್ತು, ಆರಾಧನೆಯ ಬಳಕೆ ಮಾತ್ರ ಧರ್ಮಸಭೆಯದು ಎಂಬುದನ್ನೂ ಇಲ್ಲಿ ನೆನೆಯಬೇಕು.

ಹೊಸ ಕಿಟಕಿಗಳ ಪರವಾದ ವಾದ ಹಗುರವಾದುದಲ್ಲ. ದೇವಾಲಯವು ವಸ್ತುಸಂಗ್ರಹಾಲಯವಲ್ಲ, ಪ್ರತಿ ತಲೆಮಾರೂ ತನ್ನ ವಿಶ್ವಾಸವನ್ನು ತನ್ನ ಕಲೆಯಲ್ಲಿ ನುಡಿಯಬೇಕು ಎನ್ನುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಬೆಳಕು ಸಾಲದೆಂದು ಮಧ್ಯಯುಗದ ಗಾಜನ್ನು ತೆಗೆಸಿ ಬಿಳಿಗಾಜು ಹಾಕಿಸಿದವರು ಅಲ್ಲಿನ ಗುರುಗಳೇ! 1960ರ ದಶಕದಲ್ಲಿ ಲ ಶವಾಲಿಯೆ ಎಂಬ ಕಲಾವಿದನ ಆಧುನಿಕ ಕಿಟಕಿಗಳೂ ಅಲ್ಲಿ ಸೇರಿವೆ.

ಆದರೂ ಈ ವಾದ ನನಗೆ ಒಪ್ಪಿಗೆಯಾಗದು. ಇರಬೇಕಾದ ಒಳಿತು ಇಲ್ಲದಿರುವುದೇ ಕೇಡು ಎಂದು ಸಂತ ಥಾಮಸರು ವಿವರಿಸುತ್ತಾರೆ. ದುರಸ್ತಿಯೆಂದರೆ ಆ ಕೊರತೆಯನ್ನು ತುಂಬುವುದು. ಕೊರತೆಯಿಲ್ಲದೆಡೆ ದುರಸ್ತಿಗೆ ಎಡೆಯೆಲ್ಲಿ? ಬೆಂಕಿಯ ಮಸಿ ಹಿಡಿದಿದ್ದ ಮೇಲ್ಸಾಲಿನ ಕಿಟಕಿಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ ಸ್ವಸ್ಥಾನಕ್ಕೇ ಸೇರಿಸಿದರು. ಅವುಗಳಲ್ಲಿ ನಾಲ್ಕನ್ನು ಜರ್ಮನಿಯ ಕಲೋನ್ ಪ್ರಧಾನಾಲಯದ ಕಾರ್ಯಾಗಾರವೇ ಸರಿಪಡಿಸಿಕೊಟ್ಟಿತು. ಇದು ದುರಸ್ತಿ. ಸುಸ್ಥಿತಿಯಲ್ಲಿರುವ ಕಿಟಕಿಯನ್ನು ಕಳಚುವುದಕ್ಕೆ ಬೇರೆ ಹೆಸರು ಬೇಕು. ಸ್ಮಾರಕವೊಂದಕ್ಕೆ ಎಲ್ಲ ಕಾಲದವರೂ ಸಲ್ಲಿಸಿದ ಸಾರ್ಥಕ ಕೊಡುಗೆಯನ್ನು ಗೌರವಿಸಬೇಕೆಂದು 1964ರ ವೆನಿಸ್ ಸನ್ನದು ವಿಧಿಸುವುದೂ ಇದೇ ಅರ್ಥದಲ್ಲಿ.

ಇದು ದೂರದೇಶದ ಗೊಡವೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಕರಾವಳಿಯ ಹಳೆಯ ಇಗರ್ಜಿಗಳ ಘಂಟಾಗೋಪುರಗಳಲ್ಲಿ ಓರೆ ಹಲಗೆಗಳ ಮರದ ಕಿಟಕಿಗಳಿವೆ. ಹಿರಿಯರು ಅವನ್ನು ಅಂದಕ್ಕಾಗಿ ಮಾತ್ರ ಇರಿಸಲಿಲ್ಲ. ಹಲಗೆಗಳ ನಡುವಿನಿಂದ ಗಂಟೆಯ ನಾದ ಊರಿಗೆ ಹರಡುತ್ತದೆ. ಓರೆಯಾಗಿರುವುದರಿಂದ ಮಳೆನೀರು ಹೊರಕ್ಕೆ ಇಳಿಯುತ್ತದೆ. ಗಾಳಿಯಾಡಿ ಒಳಗಿನ ತೇವ ಆರುತ್ತದೆ. ಮರ ಕುಂಬಾಗುವುದು ಸಾಮಾನ್ಯವಾಗಿ ನೀರು ನಿಲ್ಲುವ ಕೆಳಪಟ್ಟಿಯಲ್ಲಿ, ಚೌಕಟ್ಟಿನ ಬುಡದಲ್ಲಿ. ಮೇಲ್ಭಾಗ ಎಷ್ಟೋ ಬಾರಿ ಗಟ್ಟಿಯಾಗಿಯೇ ಇರುತ್ತದೆ. ಬಲ್ಲ ಆಚಾರಿಯೊಬ್ಬರು ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರವನ್ನು ಬೆಸೆಯಬಲ್ಲರು. ಬಣ್ಣದ ಗಾಜಿಗೂ ಇದೇ ಮಾತು: ಸೀಸದ ಪಟ್ಟಿ ಬಳಲಿ ಗಾಜು ಉಬ್ಬಿಕೊಂಡಾಗ ಪಟ್ಟಿಯನ್ನು ಬದಲಿಸಿ ಅದೇ ಗಾಜನ್ನು ಮರಳಿ ಕೂಡಿಸಬಹುದು.

ಆದರೆ ಜುಬಿಲಿ ಸಮೀಪಿಸಿದಾಗ ಆಗುವುದೇನು? ಅಲ್ಯೂಮಿನಿಯಂ ಚೌಕಟ್ಟು, ಮುಚ್ಚಿದ ಗಾಜು! ಗಂಟೆಯ ದನಿ ಗೋಪುರದೊಳಗೇ ಉಳಿಯುತ್ತದೆ, ತೇವವೂ ಉಳಿಯುತ್ತದೆ. (ಹೊಸ ಕಿಟಕಿಗೆ ದಾನಿಯ ಹೆಸರಿನ ಅಮೃತಶಿಲೆಯ ಫಲಕ ದೊರಕುತ್ತದೆ, ಬೆಸೆದ ಕೆಳಪಟ್ಟಿಗೆ ಫಲಕ ಹಾಕುವವರಿಲ್ಲ.) ಪ್ಯಾರಿಸ್‌ನಲ್ಲಿ ಆಯೋಗ, ಪತ್ರಿಕೆ, ಜನತೆ ವರ್ಷಗಟ್ಟಲೆ ವಾದಿಸಿದ ಪ್ರಶ್ನೆಯನ್ನು ನಾವು ಒಂದು ಭಾನುವಾರ ಬಲಿಪೂಜೆಯ ನಂತರದ ಸಭೆಯಲ್ಲಿ ಮುಗಿಸಿಬಿಡುತ್ತೇವೆ.

ಧರ್ಮಕೇಂದ್ರದ ಪಾಲನಾ ಸಮಿತಿಗಳಲ್ಲಿರುವವರು ಕನಿಷ್ಠ ಇಷ್ಟನ್ನು ಕೇಳಬಹುದು: ಬೇಸಿಗೆಯಲ್ಲಿ ಆಚಾರಿಯನ್ನು ಗೋಪುರಕ್ಕೆ ಹತ್ತಿಸಿ, ಪ್ರತಿ ಕಿಟಕಿಯ ಯಾವ ಭಾಗ ಕೆಟ್ಟಿದೆ, ಯಾವುದು ಗಟ್ಟಿಯಿದೆ ಎಂದು ಬರೆಯಿಸಿ, ಛಾಯಾಚಿತ್ರ ತೆಗೆಸಿಡಲಿ. ಆ ಪಟ್ಟಿ ಸಭೆಯ ಮುಂದೆ ಬಂದ ಮೇಲೆ ಅಲ್ಯೂಮಿನಿಯಂನ ಅಂದಾಜುಪಟ್ಟಿಯನ್ನು ತೆರೆದರಾಯಿತು.