ರದ್ದಿಗೆ ಹಾಕುವ ಮುನ್ನ



ದೀಪಾವಳಿಗೆ ಬಸದಿಯಲ್ಲಿ ನಿರ್ವಾಣ ಲಾಡು, ಅಂಗಡಿಯಲ್ಲಿ ಹೊಸ ವಹಿ. ಅದಕ್ಕೂ ಮೊದಲು ಮನೆ ಸ್ವಚ್ಛ ಮಾಡಿ ರದ್ದಿ ಹೊರಗೆ ಹಾಕುವುದು ನಮ್ಮ ರೂಢಿ. ಆ ರದ್ದಿಯ ಜೊತೆ ಹಿರಿಯರು ಕೂಡಿಟ್ಟ ಚಿತ್ರಮುಖಪುಟದ ಹಳೆಯ ಮಾಸಿಕಗಳೂ ತಕ್ಕಡಿ ಏರುತ್ತವೆ. ಈ ಸಲ ಅವುಗಳ ಬಗ್ಗೆ ನಾಲ್ಕು ಮಾತು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಹೀಗಾಗಿ ನಮ್ಮ ಟ್ರಂಕುಗಳಲ್ಲಿ ಎರಡೂ ಭಾಷೆಯ ಸಂಚಿಕೆಗಳು ಸಿಗುತ್ತವೆ. ಮರಾಠಿಯಲ್ಲಿ 'ಮನೋರಂಜನ'ದ ಕಾಶೀನಾಥ ರಘುನಾಥ ಮಿತ್ರ ಅವರು 1909ರಲ್ಲಿ ಮೊದಲ ದಿವಾಳಿ ಅಂಕ ತಂದರು. 1920ರಲ್ಲಿ ಕಿರ್ಲೋಸ್ಕರವಾಡಿಯಿಂದ ಶಂಕರರಾವ ಕಿರ್ಲೋಸ್ಕರರ ಮಾಸಿಕ ಶುರುವಾಯಿತು. ಗೋವೆಯಲ್ಲಿ ಹುಟ್ಟಿದ ಚಿತ್ರಕಾರ ದೀನಾನಾಥ ದಲಾಲರು 1945ರಲ್ಲಿ ತಮ್ಮದೇ 'ದೀಪಾವಳಿ' ಆರಂಭಿಸಿದರು. ಅವರ ಹಾಗೂ ರಘುವೀರ ಮುಳಗಾಂವಕರರ ಚಿತ್ರಕ್ಕಾಗಿಯೇ ಅಂಕ ಕೊಳ್ಳುವವರಿದ್ದರು.

ಕನ್ನಡಕ್ಕೆ 'ಚಂದಮಾಮ'. ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಅವರು 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ್ದು 1949ರಲ್ಲಿ ಕನ್ನಡದಲ್ಲೂ ಬಂತು. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರು ಅದರ ಮುಖಪುಟಕ್ಕೆ ಬರೆದ ಮಹಾಭಾರತದ ಚಿತ್ರಗಳನ್ನು ಮರೆತವರಿಲ್ಲ. 2013ರಲ್ಲಿ ಪತ್ರಿಕೆ ನಿಂತಿತು. ಈಗ ಮನೆಯಲ್ಲಿ ಉಳಿದದ್ದಷ್ಟೇ ಉಳಿದದ್ದು.

'ಹಳೆಯ ಕಾಗದ ಕೂಡಿಡುವುದೂ ಪರಿಗ್ರಹವಲ್ಲವೇ?' ಎಂದು ಮನೆಯ ಹೆಣ್ಣುಮಕ್ಕಳು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಮಮತ್ವವೇ ಪರಿಗ್ರಹವೆಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಶ್ರಾವಕರಿಗೆ ಹೇಳಿದ್ದು ಪರಿಮಾಣ. ಆದ್ದರಿಂದ ಒಂದೇ ಟ್ರಂಕು ಎಂದು ಮಿತಿ ಹಾಕಿಕೊಳ್ಳೋಣ. ಅದು ತುಂಬಿದರೆ ಜೋಡಿ ಪ್ರತಿಗಳನ್ನು ಇಲ್ಲದವರಿಗೆ ಕೊಡೋಣ. ಬೆಲೆ ಏರಲೆಂದು ಬೀಗ ಹಾಕಿಟ್ಟರೆ ಅದು ಸಂಗ್ರಹವಲ್ಲ, ದಾಸ್ತಾನು.

ಜೋಪಾಸನೆ ಕಠಿಣವಲ್ಲ. ಬೈಂಡು ಹಾಕಿಸುವಾಗ ಮುಖಪುಟ ಕಿತ್ತು ಹಾಕದಂತೆ ಮೊದಲೇ ತಾಕೀತು ಮಾಡಬೇಕು. ತುಕ್ಕು ಹಿಡಿದ ಪಿನ್ನು ತೆಗೆದು ದಾರ ಹೊಲಿಯಬೇಕು. ಹರಿದಲ್ಲಿ ಸೆಲೋಟೇಪು ಬೇಡ, ಅದು ಹಳದಿ ಕಲೆ ಬಿಡುತ್ತದೆ. ಬಿಸಿಲಿಗೆ ಬಣ್ಣ ಹಾರುತ್ತದೆ, ನೆರಳಿನಲ್ಲಿ ಗಾಳಿಗಿಟ್ಟರೆ ಸಾಕು. ಹುಳ ಬಿದ್ದ ಮೇಲೆ ಔಷಧಿ ಹೊಡೆದು ಕೊಲ್ಲುವುದಕ್ಕಿಂತ ಹುಳ ಬೀಳದಂತೆ ಒಣಗಿದ ಜಾಗದಲ್ಲಿ ಬಟ್ಟೆ ಸುತ್ತಿ ಇಡುವುದು ನಮ್ಮ ಧರ್ಮಕ್ಕೆ ಒಪ್ಪುವ ದಾರಿ. ಶ್ರುತಪಂಚಮಿಗೆ ಶಾಸ್ತ್ರಗ್ರಂಥಗಳ ಧೂಳು ಒರೆಸಿ ವೇಷ್ಟನ ಬದಲಿಸುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ.

ಇಷ್ಟೆಲ್ಲ ಯಾಕೆಂದರೆ, ನಮ್ಮ ಮೊಮ್ಮಕ್ಕಳು ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. 'ಕೂತು ಕನ್ನಡ ಕಲಿ' ಎಂದರೆ ಓಡುತ್ತಾರೆ. ಬಿಲ್ಲು ಹಿಡಿದ ಅರ್ಜುನನ ಚಿತ್ರ ಮುಂದಿಟ್ಟರೆ ತಾವಾಗಿಯೇ, 'ಅಜ್ಜಾ, ಇಲ್ಲಿ ಏನು ಬರದದ?' ಎಂದು ಕೇಳುತ್ತಾರೆ. ಆಗ ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸಬಹುದು. ಈ ದೀಪಾವಳಿಗೆ ರದ್ದಿಯವನನ್ನು ಕರೆಯುವ ಮುಂಚೆ ಒಂದು ತಾಸು ಮಕ್ಕಳನ್ನು ಕೂಡಿಸಿಕೊಂಡು ಆ ಗಂಟು ಬಿಚ್ಚಿರಿ.